ಕೊಂಬಿರುವ ಹುಡುಗನ ಸಂಬಂಧ

ಅಲ್ಲಾಳಸಂದ್ರದ ತಮ್ಮ ಮನೆಯ ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತು, ಜಪಾನಿನ ಒಂಬತ್ತು ಪಿಶಾಚಿಗಳ ಸಂಬಂಧವನ್ನು ಬೇಡವೆಂದು ತಳ್ಳಿಹಾಕಿದ ಮಹಿಳೆ ಈ ಭೂಮಂಡಲದಲ್ಲಿ ಒಬ್ಬರೇ ಇರುವುದು. ಅವರು ನನ್ನ ಸೋದರತ್ತೆ! ಆ ಒಂಬತ್ತರಲ್ಲಿ ಇಬ್ಬರು ಮೋಹಿನಿಯರು, ಒಬ್ಬ ನರಿಯ ರೂಪದ ಜಮೀನ್ದಾರ, ಒಬ್ಬಳು ಹಿಮದ ಹುಡುಗಿ. ಉಳಿದ ಐವರು ಕೊಡೆ, ಲಾಂದ್ರ, ಹಂಡೆ ಮುಂತಾದ ಗೃಹೋಪಯೋಗಿ ವಸ್ತುಗಳಲ್ಲಿ ವಾಸವಾಗಿರುವವರು. ಪಿಶಾಚಿಗಳೆಂಬ ಕಾರಣಕ್ಕೆ ಅತ್ತೆ ಇವರನ್ನು ನಿರಾಕರಿಸಿದರೆಂದು ತಿಳಿದರೆ ಅದು ಅನ್ಯಾಯ. "ಪಿಶಾಚಿ ಆದ್ರೇನು? ಸೋಮಾರಿ ಆಗಿರ್ಬಾರ್ದು" ಎಂಬುದು ಅವರ ಸ್ಪಷ್ಟ ನಿಲುವು.

ಇದೆಲ್ಲ ಶುರುವಾದದ್ದು ಆರು ತಿಂಗಳ ಹಿಂದೆ. ಅತ್ತೆಯ ಮನೆಯ ಮಹಡಿಯಲ್ಲಿ ಸೋಲದೇವನಹಳ್ಳಿಯ ಕಡೆಯ ಕಾಲೇಜೊಂದಕ್ಕೆ ಹೋಗುವ ವಿದ್ಯಾರ್ಥಿನಿಯೊಬ್ಬಳು ಬಾಡಿಗೆಗಿದ್ದಾಳೆ. ಅವಳ ಬಳಿ ಇಂಗ್ಲಿಷಿಗೆ ಅನುವಾದವಾದ ಜಪಾನಿ ಚಿತ್ರಕಥೆಯ ಸಂಪುಟಗಳಿದ್ದವು. ಕಥೆ ಇಷ್ಟೇ: ಬೇಕರಿಯಲ್ಲಿ ಕೆಲಸ ಮಾಡುವ ಸಾಧಾರಣ ಮನುಷ್ಯ ಹುಡುಗಿ, ಅವಳನ್ನು ಪ್ರೀತಿಸುವ ರಾಕ್ಷಸ ಹುಡುಗ. ಅವನ ತಲೆಯ ಮೇಲೆ ಎರಡು ಪುಟ್ಟ ಕೊಂಬು. ನಾಚಿಕೊಂಡಾಗ ಅವು ಕೆಂಪಾಗುತ್ತವೆ. ಸುತ್ತಮುತ್ತ ನಾನಾ ಬಗೆಯ ದೆವ್ವಗಳು, ಗೊಂದಲಗಳು, ನಗೆ. ಒಂದು ದಿನ ಮೊದಲನೆಯ ಸಂಪುಟ ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ಬಿದ್ದಿತ್ತು. ಅತ್ತೆ ಎತ್ತಿಕೊಂಡರು, ಕುಳಿತರು, ಓದಿದರು. ಇಂಗ್ಲಿಷ್ ಅವರಿಗೆ ಅರ್ಥವಾಗುತ್ತದೆ. ಬಾಯಿಗೆ ಬರಲು ಮಾತ್ರ ಅವರು ಅದಕ್ಕೆ ಅನುಮತಿ ಕೊಟ್ಟಿಲ್ಲ.

ಸಂಜೆ ನಾನು ಹೋದಾಗ ಅತ್ತೆ ಗದ್ಗದಿತರಾಗಿದ್ದರು. "ಎಂಥ ಮರ್ಯಾದಸ್ಥ ಉಡುಗ ಕಣೇ! ಮೊದ್ಲು ಕೈಮುಗಿದು ಕ್ಷಮೆ ಕೇಳಿ, ಆಮೇಲೆ ಬೇಕರಿ ಗಾಜು ಒಡೆದ. ನಿಮ್ಮ ಮಾವ ನಲವತ್ತು ವರ್ಷದಲ್ಲಿ ಒಡೆದ ಮೇಲೂ ಕೇಳ್ಲಿಲ್ಲ."

ಜಪಾನಿನ ಪುಸ್ತಕಗಳನ್ನು ಬಲದಿಂದ ಎಡಕ್ಕೆ ಓದಬೇಕೆಂದು ಮಹಡಿಯ ಹುಡುಗಿ ಬಂದು ತಿಳಿಸಿದಳು. ಅತ್ತೆ ಪುಸ್ತಕವನ್ನು ಮತ್ತೊಮ್ಮೆ, ಈ ಬಾರಿ ಸರಿಯಾದ ದಿಕ್ಕಿನಿಂದ ಓದಿ, ಗಂಭೀರವಾಗಿ ಮುಚ್ಚಿಟ್ಟರು. "ನಾನ್ ಓದಿದ್ದೇ ಚೆನ್ನಾಗಿತ್ತು. ಇದು ಎಲ್ಲಾರ ಮನೇಲೂ ದಿನಾ ಆಗೋ ಕಥೆ."

(ಅತ್ತೆಯ ಮಾತಿನಲ್ಲಿ ಹಕಾರಕ್ಕೆ ಜಾಗವಿಲ್ಲವೆಂದು ನೀವು ಗಮನಿಸಿರಬಹುದು. ಕೆರೆಯಂಚಿನ ಹಳೆಯ ಹಳ್ಳಿಯ, ಹೊಲ ಉತ್ತ ಮನೆತನದ ನುಡಿ ಅದು. ಅದನ್ನು ಕೇಳಿ ನಗುವುದು ತಪ್ಪು. ಅತ್ತೆ ಹೇಳುವ ವಿಷಯಕ್ಕೆ ನಗಬಹುದು; ಅದಕ್ಕೆ ಬೇಕಾದಷ್ಟು ಅವಕಾಶ ಅವರೇ ಒದಗಿಸುತ್ತಾರೆ.)

ಈ ಚಿತ್ರಕಥೆಯ ಓದುಗರು ಅಂತರ್ಜಾಲದಲ್ಲಿ ಒಂದೆಡೆ ಸೇರಿ ಪ್ರತಿ ಅಧ್ಯಾಯಕ್ಕೂ ಅಭಿಪ್ರಾಯ ಬರೆಯುತ್ತಾರೆ. ಹೆಚ್ಚಿನವರ ವಿಮರ್ಶೆಯೆಂದರೆ "ಅಯ್ಯೋ, ಎಷ್ಟು ಮುದ್ದು!" ಎಂಬ ಒಂದು ವಾಕ್ಯ ಮತ್ತು ಹನ್ನೆರಡು ಹೃದಯಗಳು. ಅತ್ತೆಗೆ ಇದು ಸರಿಕಾಣಲಿಲ್ಲ. "ಮದುವೆ ಮಾತು ನಡೀತಾ ಇದೆ, ಇವರು ಮುದ್ದು ಮುದ್ದು ಅಂತಾವ್ರೆ! ಉಡುಗನ ತಾಯಿ ಕಡೆಯೋರು ಯಾರು ಅಂತ ಒಬ್ರಾದ್ರೂ ಕೇಳಿದ್ರಾ?" ಅಂದಿನಿಂದ ಅತ್ತೆ ಕನ್ನಡದಲ್ಲಿ ಹೇಳುವುದು, ಮಹಡಿಯ ಹುಡುಗಿ ಇಂಗ್ಲಿಷಿನಲ್ಲಿ ಬರೆದು ಹಾಕುವುದು ಎಂಬ ಏರ್ಪಾಡಾಯಿತು.

ಇಲ್ಲಿ ಒಂದು ವಿಷಯವನ್ನು ಹೇಳಲೇಬೇಕು. ನಮ್ಮ ಮನೆತನದಲ್ಲಿ ಯಾವುದೇ ಸಂಬಂಧ ಕೂಡಬೇಕಾದರೂ ಅತ್ತೆ ವಿಚಾರಿಸಿ ಒಪ್ಪಬೇಕು. ನನ್ನ ಅಪ್ಪ ಭೂಮಿಯ ಮೇಲೆ ಯಾರ ಮಾತನ್ನಾದರೂ ಕೇಳುವುದಿದ್ದರೆ ಈ ಅಕ್ಕನ ಮಾತನ್ನು ಮಾತ್ರ. ನಾನು ಎರಡು ವರ್ಷಗಳಿಂದ ಒಬ್ಬನನ್ನು ಪ್ರೀತಿಸುತ್ತಿದ್ದೇನೆ. ನಮ್ಮ ಹಿರಿಯರು ಅವನ ಹಿರಿಯರನ್ನು ಹೊಸ್ತಿಲಿನಾಚೆ ನಿಲ್ಲಿಸಿದವರು. ಅದಕ್ಕೆ ಅಸ್ಪೃಶ್ಯತೆ ಎಂದು ಹೆಸರು, ಅದು ಅಪರಾಧ. ಈ ಮಾತನ್ನು ನಾನು ಕಾಲೇಜುಗಳಲ್ಲಿ, ಸಮುದಾಯ ಭವನಗಳಲ್ಲಿ, ಮೈಕ್ ಇದ್ದಲ್ಲಿ, ಇಲ್ಲದಲ್ಲಿ ಹೇಳಿದ್ದೇನೆ. ಅದೇ ನನ್ನ ಉದ್ಯೋಗ. ಹೇಳದೆ ಉಳಿದದ್ದು ಅತ್ತೆಯ ವರಾಂಡದಲ್ಲಿ ಮಾತ್ರ. ಆದ್ದರಿಂದ, ಮನುಷ್ಯಳಿಗೂ ರಾಕ್ಷಸನಿಗೂ ಮದುವೆಯಾಗಬಹುದೇ ಎಂಬ ಪ್ರಶ್ನೆಗೆ ಅತ್ತೆ ಏನೆನ್ನುತ್ತಾರೆಂದು ನಾನು ಪರೀಕ್ಷೆಯ ಫಲಿತಾಂಶ ಕಾಯುವವಳಂತೆ ಕಾಯತೊಡಗಿದೆ!

ಅತ್ತೆಯ ಅಭಿಪ್ರಾಯಗಳು ಬರತೊಡಗಿದವು. ರಾಕ್ಷಸನ ತಂಗಿ ಗೋಡೆಯನ್ನು ದಾಟಿ ಬರಬಲ್ಲ ಮೋಹಿನಿ. ಓದುಗರಿಗೆಲ್ಲ ಅವಳೆಂದರೆ ಪ್ರಾಣ. ಅತ್ತೆ ಬರೆಸಿದ್ದು: "ನಾದಿನಿ ಗೋಡೆ ತೂರ್ಕೊಂಡ್ ಬರ್ತಾಳೆ ಅಂದ್ರೆ ಒಸದಾಗಿ ಮದುವೆ ಆದೋರ ಗತಿ ಏನು? ಚಿಲಕ ಯಾಕೆ ಆಕೋದು?"

ಹಿಮದ ಹುಡುಗಿಯನ್ನು ಪಕ್ಕದ ಮನೆಯವನಿಗೆ ಗೊತ್ತುಮಾಡುವ ಅಧ್ಯಾಯಕ್ಕೆ: "ಬೇಡ. ಮುದ್ದೆ ತಿರುವೋಕೆ ಒಲೆ ಮುಂದೆ ನಿಂತ್ರೆ ಕರಗಿ ಓಯ್ತಾಳೆ."

ನನಗೆ ಸುಮ್ಮನಿರಲಾಗಲಿಲ್ಲ. "ಅತ್ತೆ, ಅಡುಗೆ ಸೊಸೆಯೊಬ್ಬಳದೇ ಕೆಲಸ ಅನ್ನೋದೇ ತಪ್ಪು. ಗಂಡ ಮಾಡ್ಲಿ."

"ಸರಿ, ಅವನೇ ತಿರುವಲಿ. ಬಿಸಿ ಮುದ್ದೆ ನುಂಗೋಳು ಯಾರು? ಅದನ್ನೂ ಅವನೇ ನುಂಗ್ಬೇಕಾ?"

ಇದಕ್ಕೆ ಸಮಾನತೆಯ ಯಾವ ಗ್ರಂಥದಲ್ಲಿ ಉತ್ತರವಿದೆ, ನೀವೇ ಹೇಳಿ!

ಇನ್ನೊಂದು ಅಧ್ಯಾಯದಲ್ಲಿ ರಾಕ್ಷಸ ಬೇಕರಿಯ ಹುಡುಗಿಯನ್ನು ಹೇಳದೆ ಕೇಳದೆ ಎತ್ತಿಕೊಂಡು ಆಕಾಶಕ್ಕೆ ಹಾರುತ್ತಾನೆ. ಒಪ್ಪಿಗೆಯಿಲ್ಲದೆ ಹೆಣ್ಣನ್ನು ಮುಟ್ಟುವುದು ತಪ್ಪು, ಅದನ್ನು ಪ್ರಣಯವೆಂದು ಚಿತ್ರಿಸುವುದು ಇನ್ನೂ ದೊಡ್ಡ ತಪ್ಪು ಎಂದು ನಾನು ಹತ್ತು ನಿಮಿಷ ವಿವರಿಸಿದೆ. ಅತ್ತೆ ತಾಳ್ಮೆಯಿಂದ ಕೇಳಿದರು. "ನೀನ್ ಏಳೋದು ನ್ಯಾಯ. ಕೇಳ್ಬೇಕಿತ್ತು. ಆದ್ರೆ ನೀನು ಆಫೀಸ್ ಬಿಡೋ ಒತ್ತಲ್ಲಿ ಎಬ್ಬಾಳದ ಫ್ಲೈಓವರ್ ಮೇಲೆ ನಿಂತಿರುವಾಗ ಯಾರಾದ್ರೂ ಬಂದು ಎತ್ಕೊಂಡ್ ಓದ್ರೆ ಬೇಡ ಅಂತೀಯಾ?"

ಸತ್ಯವನ್ನು ಮುಚ್ಚಿಡುವುದು ತಪ್ಪು. ನಾನು ಬೇಡ ಎನ್ನುತ್ತಿರಲಿಲ್ಲ.

ಎರಡು ತಿಂಗಳಲ್ಲಿ ಅತ್ತೆ ಪ್ರಸಿದ್ಧರಾದರು. ಹೊಸ ಅಧ್ಯಾಯದ ಕೆಳಗೆ ಮೊದಲು ಕಾಣುತ್ತಿದ್ದ ಪ್ರಶ್ನೆಯೇ "ಅತ್ತೆ ಏನಂದ್ರು?" ಬ್ರೆಜಿಲ್‌ನ ಓದುಗನೊಬ್ಬ ತನ್ನ ಸ್ವಂತ ಮದುವೆಯ ಬಗ್ಗೆ ಸಲಹೆ ಕೇಳಿದ. "ಉಡುಗಿ ಅಪ್ಪಂಗೆ ಅಣ್ತಮ್ಮಂದ್ರು ಎಷ್ಟ್ ಜನ? ಜಮೀನು ಭಾಗ ಆಗಿದೆಯಾ?" ಎಂದು ಅತ್ತೆ ಮರುಪ್ರಶ್ನೆ ಹಾಕಿದರು. ಪಾಪ, ಆತ ವಿಚಾರಿಸಿ ಬಂದು ಉತ್ತರ ಕೊಟ್ಟ!

ಒಂದು ದಿನ ಯಾರೋ ಬರೆದರು: "ಮನುಷ್ಯಳಿಗೂ ರಾಕ್ಷಸನಿಗೂ ಎಂದಿಗೂ ಹೊಂದುವುದಿಲ್ಲ." ಅತ್ತೆ ಥಟ್ಟನೆ ಉತ್ತರ ಬರೆಸಿದರು: "ಒಂದದೇ ಇರೋ ಗಂಡ ಎಂಡ್ತೀರನ್ನ ನಾನು ಕಂತೆ ಕಂತೆ ನೋಡಿದೀನಿ. ಎಲ್ಲಾ ಒಂದೇ ಜಾತಿಯೋರೆ." ನಾನು ವರಾಂಡದಲ್ಲಿ ಕುಣಿಯುವುದೊಂದು ಬಾಕಿ! ಕುಣಿದೇ ಬಿಡುತ್ತಿದ್ದೆನೇನೋ, ಅಷ್ಟರಲ್ಲಿ ಅತ್ತೆ ಸೊಪ್ಪು ಬಿಡಿಸುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಆದ್ರೂ ಕಥೇಲಿ ಸರಿ. ನಮ್ಮನೇಲಿ ಅಂದ್ರೆ ಯಾಕೋ ಎದೆ ಅದುರುತ್ತೆ."

ಅಂದು ನಾನು ರಾಕ್ಷಸರ ಮೂಲಭೂತ ಹಕ್ಕುಗಳ ಕುರಿತು ಅತ್ತೆಯೊಂದಿಗೆ ಒಂದು ಗಂಟೆ ವಾದಿಸಿದೆ. ರಾಕ್ಷಸನ ಹೆಸರಿನಲ್ಲಿ ಮಾತ್ರ.

ಮರುದಿನ ಮತ್ತಿಕೆರೆಯ ದರ್ಶಿನಿಯೊಂದರಲ್ಲಿ ನನ್ನವನಿಗೆ ಎಲ್ಲವನ್ನೂ ವರದಿ ಮಾಡಿದೆ. ಅವನು ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸುತ್ತ ಕೇಳಿದ: "ಅಂದ್ರೆ ಈ ಕಥೇಲಿ ನಾನು ರಾಕ್ಷಸ?"

"ಛೇ, ಹಾಗಲ್ಲ ಕಣೋ! ಹೋಲಿಕೆ ಅಷ್ಟೇ."

"ಹೋಲಿಕೇನೇ ತಪ್ಪಲ್ವಾ ಮೇಡಂ? ನಿಮ್ಮ ಭಾಷಣದಲ್ಲಿ ಬರುತ್ತಲ್ಲ."

ತಪ್ಪು. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಇನ್ನೊಂದು ತಪ್ಪು ಮಾಡಿದೆ. ಅತ್ತೆಯನ್ನು ಮೊದಲ ಬಾರಿ ಕಾಣುವಾಗ ತನ್ನ ಹೆಸರಷ್ಟನ್ನೇ ಹೇಳಬೇಕು, ಅಪ್ಪನ ಹೆಸರು ಬೇಡ, ಊರು ಕೇಳಿದರೆ ತುಮಕೂರು ಕಡೆ ಎಂದು ಬಿಟ್ಟುಬಿಡಬೇಕು, ಕೇರಿಯ ಮಾತು ಎತ್ತಲೇಬಾರದು ಎಂದು ಪಾಠ ಹೇಳಿದೆ. "ಸ್ವಲ್ಪ ದಿನ ಅಷ್ಟೇ. ಅವರಿಗೆ ನೀನು ಇಷ್ಟ ಆಗೋ ತನಕ."

ಅವನು ವಡೆಯನ್ನು ತಿನ್ನದೆ ತಟ್ಟೆ ಸರಿಸಿದ. "ಇಷ್ಟ ಆಗೋದು ಯಾರು ಆಗ?" ಎಂದ. ಬಸ್ಸು ಬಂತೆಂಬ ನೆಪದಲ್ಲಿ ನಾನು ಎದ್ದೆ.

ಕೊನೆಯ ಸಂಪುಟ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಮಹಡಿಯ ಹುಡುಗಿ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ತಂದುಕೊಟ್ಟಳು. ಅತ್ತೆ ಕನ್ನಡಕ ಒರೆಸಿಕೊಂಡು, ಬಲದಿಂದ ಎಡಕ್ಕೆ ಓದಿದರು. ಕಥೆ ಹೀಗೆ ಮುಗಿಯುತ್ತದೆ: ಮದುವೆಯ ಹಿಂದಿನ ದಿನ ರಾಕ್ಷಸ ತನ್ನ ಎರಡೂ ಕೊಂಬುಗಳನ್ನು ಕಳಚಿಟ್ಟು ಮನುಷ್ಯನಾಗುತ್ತಾನೆ. ಹುಡುಗಿಯ ಮನೆಯವರು ಹೂ ಎರಚುತ್ತಾರೆ. ಅಂತರ್ಜಾಲದಲ್ಲಿ ಹೃದಯಗಳ ಮಹಾಪೂರ!

ಅತ್ತೆ ಪುಸ್ತಕ ಮುಚ್ಚಿದರು. ಮಹಡಿಯ ಹುಡುಗಿ ಫೋನ್ ಹಿಡಿದು ಸಿದ್ಧಳಾದಳು.

"ಬರ್ಕೋ," ಎಂದರು ಅತ್ತೆ. "ಈ ಕೊನೆ ನಂಗೆ ಇಷ್ಟ ಆಗ್ಲಿಲ್ಲ. ಕೊಂಬಿದ್ದಾಗ್ಲೇ ತಾನೇ ಆ ಉಡುಗಿ ಮೆಚ್ಚಿದ್ದು? ಮತ್ತೆ ಅದು ಯಾರಿಗೆ ಅಡ್ಡ ಬಂತು? ಮನೆ ಬಾಗಿಲು ಚಿಕ್ಕದಾಗಿದ್ರೆ ಗೋಡೆ ಒಡೆದು ಬಾಗಿಲು ದೊಡ್ಡದು ಮಾಡ್ಬೇಕು. ಉಡುಗನ ತಲೆ ಕೆತ್ತೋದಲ್ಲ. ಅವಳಾದ್ರೂ ಬೇಡ ಅನ್ಬೋದಿತ್ತು. ಅನ್ಲಿಲ್ಲ. ಅವಳ ಮೇಲೆ ನಂಗೆ ಬೇಜಾರು."

ನನಗೆ ಅಳು ಬಂತು. ಬಿಕ್ಕಳಿಕೆ ಸಮೇತ, ಯಾವ ಘನತೆಯೂ ಇಲ್ಲದ ಅಳು.

"ಲೇ, ಅಳ್ತೀಯಾಕೆ? ಅವನೇನ್ ಸತ್ನಾ? ಮೂಗು ಒರೆಸ್ಕೋ, ಪುಸ್ತಕ ನೆಂದೀತು, ಆ ಮಗೀಗೆ ವಾಪಸ್ ಕೊಡ್ಬೇಕು."

"ಅತ್ತೆ, ನಾನೂ ಕೆತ್ತಿದ್ದೀನಿ."

"ಏನ್ನ?"

ಹೇಳಿದೆ. ಎರಡು ವರ್ಷಗಳ ಕಥೆಯನ್ನೂ, ದರ್ಶಿನಿಯಲ್ಲಿ ಹೇಳಿಕೊಟ್ಟ ಪಾಠವನ್ನೂ. ಅವನ ಹೆಸರು, ಅವನ ಅಪ್ಪನ ಹೆಸರು, ಊರು, ಕೇರಿ, ಒಂದನ್ನೂ ಬಿಡದೆ ಹೇಳಿದೆ. ಮಹಡಿಯ ಹುಡುಗಿ ಸದ್ದಿಲ್ಲದೆ ಮೆಟ್ಟಿಲೇರಿ ಹೋದಳು.

ಅತ್ತೆ ಪುಸ್ತಕವನ್ನು ಪಕ್ಕಕ್ಕಿಟ್ಟು ಗೇಟಿನ ಕಡೆ ತಿರುಗಿದರು. ನಾನು ವಾದಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಸಂವಿಧಾನದ ವಿಧಿಗಳು ನಾಲಿಗೆಯ ತುದಿಯಲ್ಲಿದ್ದವು. ಯಾವುದೂ ಬೇಕಾಗಲಿಲ್ಲ.

"ನಾನ್ ಚಿಕ್ಕೋಳಿದ್ದಾಗ," ಎಂದರು ಅತ್ತೆ, "ಆ ಕೇರಿಯೋರು ನೀರು ಕೇಳ್ಕೊಂಡ್ ಬಂದ್ರೆ ನಮ್ಮವ್ವ ಮೇಲಿಂದ ಸುರೀತಿದ್ಲು. ಅವ್ರು ಬೊಗಸೆ ಒಡ್ಡಿ ಕುಡೀತಿದ್ರು. ನಾನು ಪಕ್ಕದಲ್ಲೇ ನಿಂತಿರ್ತಿದ್ದೆ. ನೀರು ಅವ್ರ ಮೊಣಕೈ ತನಕ ಅರೀತಿತ್ತು. ನಾನು ನಗ್ತಿದ್ದೆ ಕಣೇ. ತಪ್ಪು ಅದು."

ತಪ್ಪುಗಳಿಗೆ ಹೆಸರಿಡುವುದು ನನ್ನ ಉದ್ಯೋಗವೆಂದೆನಲ್ಲ. ಆ ತಪ್ಪಿಗೆ ಅತ್ತೆಯೇ ಹೆಸರಿಟ್ಟರು.

"ನಿಮ್ಮಪ್ಪನ ತಾವ ನಾನ್ ಮಾತಾಡ್ತೀನಿ. ಅವನು ಒಪ್ಪಲ್ಲ. ಮೊದ್ಲು ಕೂಗಾಡ್ತಾನೆ. ನಂಗೂ ಭಯ ಇದೆ, ಇಲ್ಲ ಅನ್ನಲ್ಲ." ಕಣ್ಣೊರೆಸಿಕೊಂಡು ಕೈ ಚಾಚಿದರು. "ಫೋನ್ ಮಾಡಿ ಕೊಡು."

"ಈಗ್ಲಾ?"

"ಮತ್ತೆ? ಜಪಾನಿನೋರ ಅಭಿಪ್ರಾಯ ಕೇಳಿ ಮಾಡ್ಬೇಕಾ?"

ಮಾಡಿದೆ. ಕೊಟ್ಟೆ. ಆ ಕಡೆಯಿಂದ ಅವನ "ನಮಸ್ಕಾರ" ಕೇಳಿಸಿತು.

"ನಮಸ್ಕಾರ ಕಣಪ್ಪ. ನಾನು ಇವಳ ಅತ್ತೆ. ಇವಳು ಎಲ್ಲಾ ಏಳಿದ್ಲು. ಆದ್ರೆ ನಿನ್ನ ಬಾಯಿಂದ ಕೇಳ್ಬೇಕು ನಂಗೆ. ನಿನ್ನ ಎಸರು, ನಿಮ್ಮಪ್ಪನ ಎಸರು, ನಿಮ್ಮೂರು, ನಿಮ್ಮ ಕೇರಿ. ಪೂರ್ತಿ ಏಳು. ಅವಸರ ಇಲ್ಲ."

ನಾನು ಹೇಳಿಕೊಟ್ಟ ಪಾಠವನ್ನು ಬದಿಗಿಟ್ಟು ಅವನು ಮೆಲ್ಲಗೆ, ತನ್ನ ಹೆಸರಿನಿಂದ ಹೇಳತೊಡಗಿದ.

ಅತ್ತೆ ಒಂದು ಕೈಯಿಂದ ಕುರ್ಚಿಯ ತೋಳು ಹಿಡಿದು ಎದ್ದರು. ಸೆರಗು ಸರಿಮಾಡಿಕೊಂಡು, ಮನೆಗೆ ಬಂದ ಹಿರಿಯರ ಎದುರು ನಿಲ್ಲುವಂತೆ ನಿಂತು, ಅವನು ಹೇಳಿ ಮುಗಿಸುವ ತನಕ ನಿಂತೇ ಕೇಳಿಸಿಕೊಂಡರು.