ಕೆಮ್ಮಿದರೆ ಮಾತ್ರ ಫೋಟೋ

ಹೆಣ್ಣು ಹೆತ್ತವರ ಹುಡುಕಾಟ ವರ ಸಿಕ್ಕ ದಿನಕ್ಕೆ ಮುಗಿಯುತ್ತದೆ ಎಂದು ನಾನು ತಿಳಿದಿದ್ದೆ. ಅದು ನನ್ನ ಅಜ್ಞಾನ. ಅಳಿಯನನ್ನು ನೋಡಲು ನಾನು ಜೇವರ್ಗಿಗೆ ಹೋದದ್ದು ಒಂದೇ ಒಂದು ಸಲ. ಹುಡುಗ ಚಹಾದ ಕಪ್ಪನ್ನು ತನ್ನ ಅಪ್ಪನಿಗಿಂತ ಮೊದಲು ನನ್ನ ಕಡೆಗೆ ಸರಿಸಿದ, ಅಷ್ಟಕ್ಕೇ ನನ್ನ ಮನಸ್ಸು ತುಂಬಿತು. ಆದರೆ ಮದುವೆಯ ಫೋಟೋ ತೆಗೆಯುವವನನ್ನು ಹುಡುಕಲು ಆಳಂದ, ಜೇವರ್ಗಿ, ಅಫಜಲಪುರ ಎಂದು ಮೂರು ತಾಲೂಕುಗಳ ಬಸ್ ಸ್ಟ್ಯಾಂಡಿನಲ್ಲಿ ಕೂತೆದ್ದೆ. ಇಷ್ಟು ವಿಚಾರಣೆಯನ್ನು ಅಳಿಯನ ಬಗ್ಗೆ ಮಾಡಿದ್ದರೆ ಬೀಗರು ಸಂಬಂಧವನ್ನೇ ಬಿಟ್ಟುಬಿಡುತ್ತಿದ್ದರು. ನನ್ನ ಹೆಂಡತಿ ಸುವರ್ಣಾಳ ಪ್ರಕಾರ ಆರಿಸುವ ಬುದ್ಧಿಯೇ ನನಗಿಲ್ಲ. ಸಂತೆಯ ಬದನೆಕಾಯಿ ರಾಶಿಯಲ್ಲಿ ಹುಳುಕಿರುವುದು ನಾಲ್ಕೇ ಆದರೂ ಆ ನಾಲ್ಕು ನನ್ನ ಚೀಲದಲ್ಲಿರುತ್ತವೆ. "ಹಂಗಾರ ನಿನ್ನನ್ನ ಆರಿಸಿದ್ದು?" ಎಂದು ಒಮ್ಮೆ ಗೆದ್ದವನಂತೆ ಕೇಳಿದ್ದೆ. "ನನ್ನ ಆರಿಸಿದಾಕಿ ನಿಮ್ಮ ಅಕ್ಕ. ನೀವೇನಲ್ಲ," ಎಂದಳು. ಅದೂ ನಿಜವೇ.

ಆ ಅಕ್ಕನ ವಿಷಯಕ್ಕೇ ಬರುತ್ತೇನೆ. ಕಮಲಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ಬೇಗ ಹೋದದ್ದರಿಂದ ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು, ಮಗ್ಗಿ ತಪ್ಪಿದಾಗ ಕಿವಿ ಹಿಂಡಿದವಳು, ಎರಡೂ ಅವಳೇ. ಈಗ ಭೀಮಾ ದಂಡೆಯ ಮಣ್ಣೂರಿನಲ್ಲಿದ್ದಾಳೆ. ಮಗಳು ಅಂಬಿಕಾಳ ಲಗ್ನದ ಸುದ್ದಿಯನ್ನು ಮೊದಲು ಅವಳಿಗೆ ಮುಟ್ಟಿಸಲು ಹೋದೆ. ಕಣ್ಣೊರೆಸಿಕೊಂಡಳು, ಸಕ್ಕರೆ ಕೊಟ್ಟಳು, ಆಮೇಲೆ ನಾನು ಹೆದರಿದ್ದ ಮಾತನ್ನೇ ಎತ್ತಿದಳು.

"ಎಂಟ ದಿನ ಮೊದಲೇ ಬರ್ತೇನಿ ತಮ್ಮಾ. ಖರೇ ಒಂದು ಮಾತು. ಹೆಂಗೂ ನೀ ಇನ್ನ ಫೋಟೋದವರ ಅಂಗಡಿ ತಿರುಗಾಡಾಂವ ಅದಿ. ನಿನ್ನ ಲಗ್ನದಾಗ ಆಯೇರಿ ಮಾಡೂ ಮುಂದ ನಂದೂ ನಿಮ್ಮ ಮಾವಂದೂ ಒಂದು ಫೋಟೋ ತಗದಿದ್ರಲ್ಲ, ಅದರ ನೆಗೆಟಿವ್ ಎಲ್ಲೆರ ಸಿಗತದೇನು ಕೇಳು."

"ಕೇಳ್ತೇನಿ ಅಕ್ಕಾ," ಎಂದೆ. ಇಪ್ಪತ್ತನಾಲ್ಕು ವರ್ಷಗಳಿಂದ ಅದೇ ಉತ್ತರ ಕೊಡುತ್ತಿದ್ದೇನೆ.

ಆಯೇರಿ ಎಂದರೆ ನಮ್ಮ ಕಡೆ ಸಣ್ಣ ಸಂಗತಿಯಲ್ಲ. ಅಕ್ಕಿಕಾಳು ಬಿದ್ದ ಮೇಲೆ ಬಂಧುಬಳಗವೆಲ್ಲ ಸಾಲಾಗಿ ವೇದಿಕೆ ಹತ್ತುತ್ತದೆ. ಮದುಮಕ್ಕಳಿಗೆ ಸೀರೆಯೋ ಪಂಚೆಯೋ ತಾಮ್ರದ ಕೊಡವೋ ಕೊಟ್ಟು, ಪಕ್ಕದಲ್ಲಿ ನಿಂತು, ಕ್ಯಾಮೆರಾ ನೋಡುತ್ತದೆ. ಫ್ಲ್ಯಾಶ್ ಬೀಳುವವರೆಗೆ ಯಾರೂ ವೇದಿಕೆ ಇಳಿಯುವುದಿಲ್ಲ. ಆಲ್ಬಮ್ಮಿನಲ್ಲಿ ತಮ್ಮ ಆಯೇರಿಯ ಫೋಟೋ ಇಲ್ಲದ್ದಕ್ಕೆ ಮಾತು ಬಿಟ್ಟ ಚಿಕ್ಕಪ್ಪಂದಿರು ನಮ್ಮ ಮನೆತನದಲ್ಲೇ ಇಬ್ಬರಿದ್ದಾರೆ. ಕಮಲಕ್ಕ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಮೊದಮೊದಲು ನಗುತ್ತಲೇ ಕೇಳುತ್ತಿದ್ದಳು. ಎಂಟು ವರ್ಷದ ಹಿಂದೆ ಮಾವ, ಅಂದರೆ ಅವಳ ಗಂಡ, ತೀರಿಕೊಂಡ ಮೇಲೆ ಆ ನಗು ಹೋಯಿತು. ಮಾವನಿಗೆ ಫೋಟೋ ಎಂದರೆ ಸಂಕೋಚ. ಇಬ್ಬರೂ ಕೂಡಿ ಒಮ್ಮೆ ಕ್ಯಾಮೆರಾದ ಮುಂದೆ ನಿಂತದ್ದಿದ್ದರೆ ನನ್ನ ಮದುವೆಯಲ್ಲಿ ಮಾತ್ರ. ಈಗ ಗೋಡೆಯ ಮೇಲಿರುವುದು ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ ಮುಖ. ಬೆಳಗಿನಿಂದ ಸರದಿಯಲ್ಲಿ ನಿಂತು ಸಾಕಾದ ಸಿಟ್ಟೆಲ್ಲ ಅದರಲ್ಲಿದೆ. ನೋಡಿದವರು "ಭಾಳ ಖಡಕ್ ಮನಿಷಾ ಇದ್ದಂಗ ಕಾಣತಾನ" ಎನ್ನುತ್ತಾರೆ. ಹೆಂಡತಿಗೆ ಒಮ್ಮೆಯೂ ದನಿ ಎತ್ತಿ ಮಾತಾಡದ ಮನುಷ್ಯನ ಬಗ್ಗೆ ಆ ಮಾತು ಕೇಳುವುದು ಅಕ್ಕನಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು.

ಹೀಗೆ ಎರಡು ಕೆಲಸ ಹೊತ್ತುಕೊಂಡು ಮೊದಲು ಆಳಂದಕ್ಕೆ ಹೋದೆ. ಅಲ್ಲಿನ ಸ್ಟುಡಿಯೋದವನು ಒಂದು ದೊಡ್ಡ ಟಿವಿಯಲ್ಲಿ ತನ್ನ ಕೆಲಸ ತೋರಿಸಿದ. ಬಣ್ಣದ ಹೊಗೆಯ ನಡುವಿನಿಂದ ಒಬ್ಬ ಹುಡುಗ ಓಡಿ ಬಂದ. ಆ ಕಡೆಯಿಂದ ಒಬ್ಬ ಹುಡುಗಿ ಓಡಿ ಬಂದಳು. ಎಲ್ಲೋ ಬೆಂಕಿ ಬಿದ್ದಿರಬೇಕೆಂದು ನಾನು ಗಾಬರಿಯಾದೆ. ಲಗ್ನಕ್ಕೆ ಮೊದಲು ತೆಗೆಯುವ ವಿಡಿಯೋ ಇದು ಎಂದು ಅವನು ತಿಳಿಸಿ ಹೇಳಿದ. ಅಂಬಿಕಾ ಓಡುವವಳಲ್ಲ ಎಂದೆ. "ನಿಧಾನ ನಡದ್ರೂ ನಡೀತದ್ರಿ ಸರ್, ನಾವು ಜೋರ್ ಮಾಡ್ಕೋತೀವಿ," ಎಂದ. ಅಲ್ಲಿಯವರೆಗೂ ಎಲ್ಲ ಸರಿಯಿತ್ತು. ಆಮೇಲೆ ಪುಸ್ತಕ ತೆಗೆದು ಪೆನ್ನು ಹಿಡಿದು ಕೇಳಿದ: "ವಿಐಪಿ ಲಿಸ್ಟ್ ಕೊಡ್ರಿ ಸರ್. ಯಾರ ಫೋಟೋ ಬರಲೇಬೇಕು, ಯಾರದು ಬರದಿದ್ರೂ ನಡೀತದ?" ನೀರು ಬೇಡ, ಚಹಾ ಬೇಡ ಎಂದು ಎದ್ದು ಬಂದೆ.

ಯಾಕೆ ಎದ್ದು ಬಂದೆ ಎಂದು ನಿಮಗಾದರೂ ಹೇಳಿಬಿಡುತ್ತೇನೆ. ನನ್ನ ಮದುವೆಗೆ ಫೋಟೋ ತೆಗೆದವನು ಗೆಳೆಯ ಚಂದ್ರಶಾ. ಅವನನ್ನು ಆರಿಸಿದವನು ನಾನೇ. ಆಗ ರೀಲಿನ ಕಾಲ. ಎರಡು ರೀಲು ತಂದಿದ್ದ. ಒಂದನ್ನು ಅರಿಶಿಣದ ದಿನ ನನ್ನ ನಾದಿನಿಯ ಗೆಳತಿಯರ ಮೇಲೇ ಮುಗಿಸಿದ್ದ. ಉಳಿದ ಒಂದು ರೀಲಿನಲ್ಲಿ ಮೂವತ್ತಾರು ಫೋಟೋ, ಆಯೇರಿಗೆ ನಿಂತದ್ದು ಹೆಚ್ಚುಕಡಿಮೆ ಇಡೀ ಊರು. ಬಾಸಿಂಗ ಸರಿಮಾಡುವ ನೆಪದಲ್ಲಿ ನನ್ನ ಕಿವಿಯ ಹತ್ತಿರ ಬಂದು, "ಫಿಕರ್ ಮಾಡಬ್ಯಾಡ. ಬೇಕಾದೋರು ಬಂದಾಗ ನೀ ಕೆಮ್ಮು. ಕೆಮ್ಮಿದ್ರ ರೀಲ್, ಇಲ್ಲಾಂದ್ರ ಬರೇ ಫ್ಲ್ಯಾಶ್," ಎಂದ. ಬೆಳಕು ಬೀಳುತ್ತದೆ, ಜನ ಸಂತೋಷದಿಂದ ಇಳಿದು ಊಟಕ್ಕೆ ಹೋಗುತ್ತಾರೆ, ಕ್ಯಾಮೆರಾದಲ್ಲಿ ಏನೂ ಆಗಿರುವುದಿಲ್ಲ. ಎಷ್ಟು ಜಾಣ ಗೆಳೆಯ ಎಂದುಕೊಂಡೆ ನಾನು.

ಶಾಲೆಯ ಮಾಸ್ತರನಾದ ನನಗೆ ವರ್ಗಾವಣೆ ಬೇಕಾಗಿತ್ತು, ಆದ್ದರಿಂದ ಶಿಕ್ಷಣ ಇಲಾಖೆ ಕಚೇರಿಯ ಜನಕ್ಕೆಲ್ಲ ಕೆಮ್ಮಿದೆ. ಹೆಂಡತಿಯ ಸೋದರಮಾವಂದಿರಿಗೆ ಕೆಮ್ಮಿದೆ. ಮದುಮಗನಿಗೆ ಎದೆಯ ರೋಗವೇನಾದರೂ ಇದೆಯೋ ಎಂದು ಹೆಣ್ಣಿನ ಕಡೆಯವರು ಪಿಸುಗುಟ್ಟಿದರು. ಅತ್ತೆ ಅಜವಾನ ಹಾಕಿದ ಬಿಸಿನೀರನ್ನು ವೇದಿಕೆಗೇ ಕಳಿಸಿದರು. ಅಷ್ಟರಲ್ಲಿ ಕಮಲಕ್ಕ, ಮಾವ ಬಂದರು. ಅಕ್ಕ ಆಯೇರಿಯ ಬಟ್ಟೆ ಕೊಡುವುದನ್ನೂ ಬಿಟ್ಟು, "ಎಷ್ಟು ಕೆಮ್ಮಾಕತ್ತಿ ತಮ್ಮಾ, ಮೊದಲ ಇದನ್ನ ಕುಡಿ," ಎಂದು ಆ ಲೋಟವನ್ನು ನನ್ನ ಬಾಯಿಗೆ ಹಿಡಿದಳು. ಕುಡಿದೆ. ಅವರ ಹಿಂದೆಯೇ ದೊಡ್ಡ ಸಾಹೇಬರು ನಿಂತಿದ್ದರು. ರೀಲಿನಲ್ಲಿ ಎಷ್ಟು ಉಳಿದಿದೆಯೋ ಗೊತ್ತಿರಲಿಲ್ಲ. ಅಕ್ಕ ನಮ್ಮವಳೇ, ಅವಳದು ಯಾವಾಗ ಬೇಕಾದರೂ ತೆಗೆಸಬಹುದು ಎಂದುಕೊಂಡೆ. ಕೆಮ್ಮಲಿಲ್ಲ. ಫ್ಲ್ಯಾಶ್ ಬಿತ್ತು, ಇಬ್ಬರೂ ಇಳಿದು ಹೋದರು. ಸಾಹೇಬರಿಗೆ ಎರಡು ಸಲ ಕೆಮ್ಮಿದೆ. ಅವರು ಮುಂದಿನ ತಿಂಗಳು ತಾವೇ ವರ್ಗವಾಗಿ ಹೋದರು.

ಆಳಂದ ಬಿಟ್ಟ ಮೇಲೆ ಜೇವರ್ಗಿ. ಇಲ್ಲಿನವನು ಕಂಪ್ಯೂಟರಿನಲ್ಲಿ ಕುಶಲ. ನನ್ನನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿ, "ನಿಮ್ಮ ಕಡಿಯವರೆಲ್ಲಾ ಇದೇ ಬಣ್ಣ ಏನ್ರಿ ಸರ್?" ಎಂದು ಕೇಳಿದ. ಹೌದು, ಕೆಲವರು ಇನ್ನೂ ಗಟ್ಟಿ ಎಂದೆ. "ಹಂಗಾರ ಎಡಿಟಿಂಗ್ ಭಾಳ ಆಗತದ್ರಿ," ಎಂದು ನಿಟ್ಟುಸಿರು ಬಿಟ್ಟ. ಅವನು ತೋರಿಸಿದ ಆಲ್ಬಮ್ಮುಗಳಲ್ಲಿ ಇಡೀ ಜೇವರ್ಗಿ ತಾಲೂಕು ಬೆಳ್ಳಗಿತ್ತು. ಆದರೂ ನಾನು ಅಲ್ಲಿ ಹೆಚ್ಚು ಹೊತ್ತು ಕೂತೆ. ಮಾವನ ಗುರುತಿನ ಚೀಟಿಯ ಫೋಟೋ, ಅಕ್ಕನ ಒಂದು ಹಳೆಯ ಫೋಟೋ ಎರಡೂ ನನ್ನ ಮೊಬೈಲಿನಲ್ಲಿದ್ದವು. "ಇವರಿಬ್ಬರನ್ನ ಕೂಡಿಸಿ ನಿಲ್ಲಸಾಕ ಬರತದೇನು?" ಎಂದೆ. "ನಿಲ್ಲಸ್ತೀನ್ರಿ, ನಗಸ್ತೀನ್ರಿ, ಕೈಯಾಗ ಆಯೇರಿ ಬಟ್ಟಿನೂ ಕೊಡ್ತೀನ್ರಿ," ಎಂದ. ಅರ್ಧ ತಾಸಿನಲ್ಲಿ ಕೊಟ್ಟೇಬಿಟ್ಟ. ನೆಗೆಟಿವ್ ಸಿಕ್ಕಿತು ಎಂದು ಅಕ್ಕನಿಗೆ ಹೇಳುವ ಮಾತುಗಳನ್ನು ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಜೋಡಿಸಿಕೊಂಡೆ. ನಾಚಿಕೆಯಾಗಲಿಲ್ಲವೇ ಎಂದರೆ, ಆಯಿತು. ಆದರೆ ಸಮಾಧಾನವೇ ಹೆಚ್ಚಾಗಿತ್ತು.

ಮನೆಯಲ್ಲಿ ಸುವರ್ಣಾಳಿಗೆ ತೋರಿಸಿದೆ. ಬಹಳ ಹೊತ್ತು ನೋಡಿದಳು. "ಅಕ್ಕಾರ ಬಾಜೂಕ ನಿಂತಾಂವ ಯಾರ್ರಿ?" ಎಂದಳು. ಮಾವನ ಕಣ್ಣುಗಳು ಸರದಿಯ ಸಿಟ್ಟಿನಲ್ಲೇ ಇದ್ದವು. ಕೆಳಗೆ ಬಾಯಿ ಮಾತ್ರ ಯಾರದೋ ಹಲ್ಲು ತೋರಿಸಿ ನಗುತ್ತಿತ್ತು. ಮಾವನ ಮುಂದಿನ ಹಲ್ಲೊಂದು ಮುರಿದಿದ್ದದ್ದು ಆಗ ನೆನಪಾಯಿತು.

ಕೊನೆಗೆ ನಮ್ಮ ಅಫಜಲಪುರದಲ್ಲೇ, ದಿನಾ ಗೊಬ್ಬೂರಿನ ಶಾಲೆಗೆ ಹೋಗಲು ನಾನು ಬಸ್ಸು ಹತ್ತುವ ಜಾಗದ ಎದುರಿಗೇ ಇದ್ದ ರಫೀಕನ ಅಂಗಡಿಗೆ ಹೋದೆ. ಮೊದಲು ಅಲ್ಲಿಗೆ ಹೋಗದಿದ್ದದ್ದಕ್ಕೆ ಕಾರಣ, ಹತ್ತಿರದ್ದು ಒಳ್ಳೆಯದಿರಲಾರದು ಎಂಬ ನನ್ನ ಎಂದಿನ ನಂಬಿಕೆ. ರಫೀಕನಿಗೆ ನಲವತ್ತು ದಾಟಿರಬೇಕು, ಮಾತು ಕಡಿಮೆ. ವಿಐಪಿ ಲಿಸ್ಟ್ ಬೇಕೇ ಎಂದು ನಾನೇ ಕೇಳಿದೆ. "ಲಿಸ್ಟ್ ಬ್ಯಾಡ್ರಿ ಸರ್," ಎಂದ. "ನಮ್ಮ ಅಬ್ಬಾ ರೀಲಿನ ಕಾಲದಾಗ ಲಿಸ್ಟ್ ತಗೊಂಡು, ಉಳದೋರಿಗಿ ಖಾಲಿ ಫ್ಲ್ಯಾಶ್ ಹೊಡೀತಿದ್ರು. ಈಗ್ಲೂ ಬಜಾರದಾಗ ಯಾರೆರ ಹಳೇ ಗಿರಾಕಿ ಕಂಡ್ರ ಓಣಿ ಬದಲಿಸಿ ಹೋಗ್ತಾರ. ನಾ ಎಲ್ಲಾರ್ದೂ ತಗೀತೇನ್ರಿ."

ಮೂರು ತಾಲೂಕಿನಲ್ಲಿ ನನಗೆ ಸಿಕ್ಕ ಮೊದಲ ಸತ್ಯವಂತ. ಅಲ್ಲೇ ಲಗ್ನದ ತಾರೀಖು ಬರೆಸಿದೆ. ಜೇವರ್ಗಿಯ ಫೋಟೋ ತೋರಿಸಿ, ಇದನ್ನು ಸ್ವಲ್ಪ ಸರಿಮಾಡಲು ಬರುತ್ತದೆಯೇ ಎಂದೂ ಕೇಳಿದೆ. ಅವನು ನೋಡಿ, ಮೊಬೈಲನ್ನು ನನ್ನ ಕೈಗೇ ಕೊಟ್ಟ. "ಬರತದ್ರಿ. ಖರೇ ಅಕ್ಕಾರಿಗಿ ಕೊಡಬ್ಯಾಡ್ರಿ. ಎರಡು ದಿನ ಖುಷಿ ಆಗ್ತಾರ, ಮೂರನೇ ದಿನ ಗುರ್ತ ಹಿಡೀತಾರ."

ಮುಂದಿನ ಭಾನುವಾರ ಮಣ್ಣೂರಿಗೆ ಹೋದೆ. ಅಕ್ಕ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ: ಕೆಮ್ಮು, ಖಾಲಿ ಫ್ಲ್ಯಾಶ್, ಸಾಹೇಬರು. ಅವಳು ಕೈ ನಿಲ್ಲಿಸಲಿಲ್ಲ.

"ಯಾರ್ಯಾರಿಗಿ ಕೆಮ್ಮಿದ್ದಿ?" ಎಂದು ಕೇಳಿದಳು.

ನೆನಪಿದ್ದಷ್ಟು ಹೇಳಿದೆ.

"ಅವ್ರೆಲ್ಲಾ ಈಗ ಎಲ್ಲದಾರ?"

"ಗೊತ್ತಿಲ್ಲಕ್ಕಾ."

ಬೈದಿದ್ದರೆ ಬೈಸಿಕೊಂಡು ಹಗುರಾಗಿ ಮನೆಗೆ ಬರುತ್ತಿದ್ದೆ. ಅವಳು ಮೊರ ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಹೋಗ್ಲಿ ಬಿಡು, ಫೋಟೋ ಇಲ್ಲ ಅಂದ್ರ ಇಲ್ಲ. ನೀ ಅಲ್ಲೇ ಬಾಜೂಕ ನಿಂತಿದ್ದಿ. ಆ ಫೋಟೋದಾಂವ ನಗ್ರಿ ಅಂದಾಗ ನಿಮ್ಮ ಮಾವ ನಕ್ಕಿದ್ರೇನು, ಅಷ್ಟು ಹೇಳು. ನಾ ಮುಂದ ನೋಡಾಕತ್ತಿದ್ದೆ. ಫೋಟೋ ಬಂದ ಮ್ಯಾಲ ನೋಡಿದ್ರಾತು ಅಂದಿದ್ದೆ."

ನಕ್ಕಿದ್ದರು ಎಂದುಬಿಡಬಹುದಿತ್ತು. ಆದರೆ ನಾನು ಆಗ ಅವರ ಹೆಗಲ ಆಚೆಗೆ, ಸಾಹೇಬರು ಸಾಲು ಬಿಟ್ಟು ಹೋಗಿಬಿಡುತ್ತಾರೋ ಎಂದು ನೋಡುತ್ತಿದ್ದೆ. "ನಾ ನೋಡ್ಲಿಲ್ಲಕ್ಕಾ," ಎಂದೆ. ಅಕ್ಕ ತಲೆಯಾಡಿಸಿ ಮೊರವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡಳು. ಮಧ್ಯಾಹ್ನ ಊಟಕ್ಕೆ ಎರಡು ಸಲ ಬಡಿಸಿದಳು.

ಹೇಳಿದಂತೆ ಲಗ್ನಕ್ಕೆ ಎಂಟು ದಿನ ಮೊದಲೇ ಬಂದಳು. ಲಗ್ನದ ದಿನ ಆಯೇರಿ ಶುರುವಾದಾಗ ನಾನು ಮಗಳ ಪಕ್ಕದಲ್ಲಿ ನಿಂತಿದ್ದೆ. ಬಂದ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಅತನೂರಿನ ಚಿಕ್ಕಪ್ಪ ಕ್ಯಾಮೆರಾ ಕಂಡೊಡನೆ ಹೊಟ್ಟೆ ಒಳಗೆಳೆದುಕೊಳ್ಳುತ್ತಾನೆ ಎಂಬುದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ರಫೀಕ ಮಾತ್ರ ಬಿಡದೆ, "ಸರ್, ಇಕಡಿ ನೋಡ್ರಿ... ಸರ್, ಕ್ಯಾಮೆರಾ ನೋಡ್ರಿ," ಎಂದು ಕೂಗುತ್ತಿದ್ದ. ಕಮಲಕ್ಕ ಒಬ್ಬಳೇ ಮೆಟ್ಟಿಲು ಹತ್ತಿ ಬಂದಳು, ಅಂಬಿಕಾಳ ಕೈಗೆ ಸೀರೆ ಕೊಟ್ಟಳು, ಸೆರಗು ಸರಿಮಾಡಿಕೊಂಡು ನಮ್ಮಿಬ್ಬರ ನಡುವೆ ನಿಂತಳು. ನಾನು ಅವಳನ್ನೇ ನೋಡುತ್ತಿದ್ದೆ. ರಫೀಕ ನಾಲ್ಕು ಸಲ ಕೂಗಿದ.

ಅಕ್ಕ ತುಟಿ ಅಲ್ಲಾಡಿಸದೆ ಹಲ್ಲಿನ ಸಂದಿಯಲ್ಲೇ ಗದರಿದಳು: "ಮುಂದ ನೋಡೋ ಹುಚ್ಚಪ್ಪಾ, ನನ್ನ ಫೋಟೋ ಕೆಡಸಬ್ಯಾಡ!"

ಆದರೂ ನಾನು ತಿರುಗಲಿಲ್ಲ. ರಫೀಕ ತೆಗೆದ ನಾಲ್ಕು ಫೋಟೋಗಳಲ್ಲಿ ಅಕ್ಕ ನನ್ನನ್ನು ನಾಲ್ಕು ಬಗೆಯಲ್ಲಿ ಬೈಯುತ್ತಿದ್ದಾಳೆ. ನನ್ನದು ಕಿವಿ ಮಾತ್ರ ಸ್ಪಷ್ಟವಾಗಿ ಬಂದಿದೆ. ಅವಳು ನಕ್ಕದ್ದು ಕೊನೆಯ ಫ್ಲ್ಯಾಶ್ ಬಿದ್ದ ಮೇಲೆ, ಮೆಟ್ಟಿಲು ಇಳಿಯುವ ಮೊದಲು, ಒಂದೇ ಗಳಿಗೆ. ಅದು ಆಲ್ಬಮ್ಮಿನಲ್ಲಿ ಎಲ್ಲೂ ಇಲ್ಲ. ನಾನು ನೋಡಿದ್ದೇನೆ.

ನಾಲ್ಕರಲ್ಲಿ ಒಂದನ್ನು ಅಕ್ಕ ದೊಡ್ಡದು ಮಾಡಿಸಿ ಮಣ್ಣೂರಿನ ಮನೆಯಲ್ಲಿ ಮಾವನ ಪಕ್ಕದಲ್ಲೇ ಹಾಕಿದ್ದಾಳೆ. ಬಂದವರು ಈ ಕಿವಿ ಯಾರದೆಂದು ಕೇಳಿದರೆ ಹೇಳುತ್ತಾಳಂತೆ: "ನಮ್ಮ ತಮ್ಮಂದು. ಮಾಸ್ತರ್ ಅದಾನ, ಭಾಳ ಶಾಣ್ಯಾ. ಖರೇ ಫೋಟೋಕ್ಕ ನಿಂದ್ರಾಕ ಬರಂಗಿಲ್ಲ."