ಇಂಗ್ಲಿಷ್ ಪ್ಯಾಸೇಜೂ ನಮ್ಮಕ್ಕನೂ

ಹುಣಸೆಹಣ್ಣು ಬಡಿಯೋ ಕಾಲ ಬಂತು ಅಂದರೆ ನಮ್ಮ ಕಡೆ ಹತ್ತನೇ ಕ್ಲಾಸಿನ ಪರೀಕ್ಷೆಯೂ ಬಂತು ಅಂತಲೇ ಲೆಕ್ಕ. ಮರದ ಕೆಳಗೆ ನಿಂತವನ ತಲೆ ಮೇಲೆ ಹುಣಸೆ ಬೀಳೋ ಹಾಗೆ, ಆ ದಿನಗಳಲ್ಲಿ ಹೈಸ್ಕೂಲುಗಳ ಕಡೆ ಹೋದವನ ತಲೆ ಮೇಲೆ ಒಂದಲ್ಲ ಒಂದು ತಮಾಷೆ ಬಿದ್ದೇ ಬೀಳುತ್ತದೆ. ನಾವು ಮರ ಅಲ್ಲಾಡಿಸಬೇಕು ಅಂತಲೂ ಇಲ್ಲ.

ನಾನು ಆ ಕಡೆ ಹೋಗೋದು ಹೊಟ್ಟೆಪಾಡಿಗೆ. ದಾವಣಗೆರೆಯ ಒಂದು ಅಂಗಡಿಯಿಂದ ಗೈಡು, ಮಾದರಿ ಪ್ರಶ್ನೆಪತ್ರಿಕೆ ತುಂಬಿಕೊಂಡು ಬೈಕಿನಲ್ಲಿ ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಅಂತ ತಿರುಗುತ್ತೇನೆ. ಇದಕ್ಕೂ ಮುಂಚೆ ಬಸ್ ಕ್ಲೀನರ್ ಆಗಿದ್ದೆ, ಅಡಿಕೆ ಸುಲಿಯೋ ಮಿಷನ್ ಜೊತೆ ಊರೂರು ಅಲೆದೆ, ಸಂತೆಯಲ್ಲಿ ಸ್ಟೀಲ್ ಪಾತ್ರೆ ಮಾರಿದೆ. ಒಂದು ಕಡೆ ಕೂರೋ ಜಾತಕ ನನ್ನದಲ್ಲ. ಏಳನೇ ಕ್ಲಾಸಿನಲ್ಲಿ ಬೆಂಚು ಬೇಜಾರಾಗಿ ಎದ್ದು ಬಂದವನು ಮತ್ತೆ ಒಳಗೆ ಹೋಗಲೇ ಇಲ್ಲ. ನಮ್ಮವ್ವ ಈಗಲೂ ಅಂತಾಳೆ: "ಓದೋ ಅಂದಾಗ ಒಂದು ಶಾಲೆಗೆ ಹೋಗಾಕೆ ಅಳ್ತಿದ್ದ. ಈಗ ನೋಡು, ನಾಲ್ಕು ತಾಲ್ಲೂಕಿನ ಶಾಲೇನೂ ಇವನಿಗೇ ಬೇಕು."

ಈ ವರ್ಷ ನಾನು ಗೈಡು ಮಾರೋದರ ಜೊತೆಗೆ ಇನ್ನೊಂದು ಕೆಲಸ ಹೊತ್ತಿದ್ದೆ. ಅದು ನಮ್ಮಕ್ಕನದು. ಅಕ್ಕ ಸಾಸ್ವೆಹಳ್ಳಿ ಕಡೆ ಒಂದು ಅಂಗನವಾಡಿಯಲ್ಲಿ ಸಹಾಯಕಿ. ಉಪ್ಪಿಟ್ಟು ಬೇಯಿಸೋದು, ಮಕ್ಕಳ ಮೂಗು ಒರೆಸೋದು, ಮಧ್ಯಾಹ್ನ ಮಲಗಿಸೋದು ಅವಳ ಪಾಲಿನ ಕೆಲಸ. ಟೀಚರ್ ಆಗಬೇಕು ಅನ್ನೋದು ಅವಳ ಆಸೆ. ಅದಕ್ಕೆ ಮೊದಲ ಗೇಟು ಹತ್ತನೇ ಕ್ಲಾಸು. ಖಾಸಗಿಯಾಗಿ ಕಟ್ಟಿ ಎಲ್ಲಾ ವಿಷಯ ದಾಟಿದ್ದಳು, ಇಂಗ್ಲಿಷ್ ಒಂದು ಬಿಟ್ಟು. ಅದರಲ್ಲೂ ಪದ್ಯ, ಪತ್ರ ಎಲ್ಲಾ ಬಾಯಿಪಾಠ. ಕಾಣದ ಒಂದು ಪುಟ ಕೊಟ್ಟು, ಓದಿ ಉತ್ತರ ಬರಿ ಅಂತಾರಲ್ಲ, ಆ ಪ್ಯಾಸೇಜಿನ ಹತ್ತಿರ ಬಂದು ಜಾರಿ ಬೀಳುತ್ತಿದ್ದಳು.

"ನೋಡದೇ ಇರೋದನ್ನ ಹೆಂಗೋ ಬಾಯಿಪಾಠ ಮಾಡೋದು?" ಅಂತ ಅವಳ ಪ್ರಶ್ನೆ. "ನೀನು ನಾಲ್ಕು ಊರು ತಿರುಗ್ತೀಯ. ಯಾರಾದ್ರೂ ಉಪಾಯ ಹೇಳಿದ್ರೆ ತಂದುಕೊಡು ತಮ್ಮಾ. ಈ ಸಲಾನೂ ಹೋತು ಅಂದ್ರೆ ನಾನು ಉಪ್ಪಿಟ್ಟಿನ ಸೌಟು ಹಿಡ್ಕೊಂಡೇ ರಿಟೈರ್ ಆಗ್ತೀನಿ."

ಹಾಗಾಗಿ ನಾನು ಹೋದಲ್ಲೆಲ್ಲ ಕಿವಿ ತೆರೆದುಕೊಂಡು ನಿಂತೆ.

ಜಗಳೂರಿನ ಗೆರೆ

ಜಗಳೂರಿನ ಒಂದು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಪ್ಯಾಸೇಜಿಗೆ ಬಲು ಹೆಸರುವಾಸಿ. ಅವರ ಮಂತ್ರ ಇಷ್ಟೇ: "ಪ್ರಶ್ನೆಯೊಳಗಿನ ದೊಡ್ಡ ಪದ ಹಿಡಿ. ಅದೇ ಪದ ಪ್ಯಾಸೇಜಿನಾಗೆ ಎಲ್ಲೈತೆ ಹುಡುಕು. ಚುಕ್ಕಿಯಿಂದ ಚುಕ್ಕಿಗೆ ಗೆರೆ ಹೊಡಿ. ಹಂಗೇ ಉತ್ತರದಾಗೆ ಇಳಿಸು. ಅರ್ಥ ಮಾಡ್ಕೊಳಾಕೆ ಹೋದ್ಯೋ, ಟೈಮು ಹಾಳು."

ನಾನು ಗೈಡಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ ದಿನವೇ ಮೇಲಿನಿಂದ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ಮೇಷ್ಟ್ರು ಹುರುಪಿನಿಂದ ಒಂದು ಹೊಸ ಪ್ಯಾಸೇಜ್ ಹಂಚಿದರು. ಸ್ಕೇಲು ಪೆನ್ಸಿಲಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬಡಗಿ ಅಂಗಡಿ ಹೊಕ್ಕಂತಾಯಿತು. ನೋಡನೋಡುತ್ತಾ ಎಲ್ಲರೂ ಮುಗಿಸಿ ಕೈಕಟ್ಟಿ ಕೂತರು. ಸಾಹೇಬರು ಉತ್ತರ ನೋಡಿದರು. ಒಂದೂ ತಪ್ಪಿಲ್ಲ.

ಖುಷಿಯಾಗಿ ಮುಂದಿನ ಬೆಂಚಿನ ಹುಡುಗನ ಬೆನ್ನು ತಟ್ಟಿದರು. "ಭೇಷ್ ಕಣಪ್ಪ. ಈಗ ಹೇಳು, ಈ ಪ್ಯಾಸೇಜು ಯಾವುದರ ಬಗ್ಗೆ ಇದೆ?"

ಹುಡುಗ ಪ್ಯಾಸೇಜ್ ನೋಡಿದ. ಪ್ರಶ್ನೆಗಳನ್ನು ಮೇಲಿಂದ ಕೆಳಗೆ ನೋಡಿದ. ಮೇಷ್ಟ್ರ ಮುಖ ನೋಡಿದ. ಕೊನೆಗೆ ಬಹಳ ವಿನಯದಿಂದ ಹೇಳಿದ:

"ಅದನ್ನ ಕೇಳಿಲ್ಲ ಸರ್."

ಅರ್ಧ ಮಾರ್ಕು

ಚನ್ನಗಿರಿ ತಾಲ್ಲೂಕಿನ ನಲ್ಲೂರು ಕಡೆ ಒಂದು ಸ್ಟಾಫ್ ರೂಮಿನಲ್ಲಿ ನಾನು ಮಾದರಿ ಪತ್ರಿಕೆ ಎಣಿಸುತ್ತಾ ಕೂತಿದ್ದೆ. ಹೆಗಲ ಮೇಲೆ ಟವೆಲ್ ಹಾಕಿದ ಒಬ್ಬ ಅಡಿಕೆ ತೋಟದ ಯಜಮಾನರು ಮಗನ ಉತ್ತರಪತ್ರಿಕೆ ಹಿಡಿದು ಒಳಗೆ ಬಂದರು.

"ಮೇಷ್ಟ್ರೇ, ನನ್ನ ಮಗ ಬರ್ದಿರೋದ್ರಾಗೆ ತಪ್ಪೇನೈತೆ ಹೇಳ್ರಿ."

ಮೇಷ್ಟ್ರು ಸಮಾಧಾನವಾಗಿ ವಿವರಿಸಿದರು. ಪ್ಯಾಸೇಜಿನಲ್ಲಿ ಒಬ್ಬ ರೈತ ಬೆಳೆ ಕೊಯ್ದ ಮರುದಿನವೇ ಎಲ್ಲಾ ಮಾರಿ ಸುಖವಾಗಿ ಮನೆಗೆ ಹೋಗುತ್ತಾನೆ. ಅವನು ಮಾಡಿದ್ದು ಜಾಣತನವೇ ಅಂತ ಪ್ರಶ್ನೆ. ಹೌದು ಅಂತ ಬರೆಯಬೇಕು. ಇವರ ಮಗ ಬರೆದಿದ್ದ: ಅಲ್ಲ, ಅವನು ದಡ್ಡ, ರೇಟು ಏರೋವರೆಗೂ ಇಟ್ಟುಕೊಳ್ಳಬೇಕಿತ್ತು.

"ಸರಿಯಾಗೇ ಬರ್ದಾನಲ್ಲ!" ಅಂದರು ಯಜಮಾನರು. "ಕೊಯ್ದ ಮರುದಿನ ಯಾವನ್ರೀ ಮಾರ್ತಾನೆ? ಈ ಪ್ಯಾಸೇಜ್ ಬರೆದೋನಿಗೆ ತೋಟ ಐತೇನು?"

"ಯಜಮಾನ್ರೇ, ನಮಗೆ ಗೊತ್ತಿರೋದು ಬರೆಯೋ ಹಾಗಿಲ್ಲ. ಪ್ಯಾಸೇಜಿನಲ್ಲಿ ಏನಿದೆಯೋ ಅದೇ ಬರೀಬೇಕು."

"ಅದಿರ್ಲಿ. ನಿಮ್ದೂ ತೋಟ ಐತಲ್ಲ, ನೀವು ಈ ಸಲದ್ದು ಮಾರಿದ್ರಾ?"

ಮೇಷ್ಟ್ರು ಹಾಜರಿ ಪುಸ್ತಕ ತಿರುವತೊಡಗಿದರು. ಪಕ್ಕದಲ್ಲಿದ್ದ ಹಿಂದಿ ಮೇಡಂ ಮುಖಕ್ಕೆ ಪುಸ್ತಕ ಅಡ್ಡ ಹಿಡಿದರು.

"ಹೇಳ್ರಿ ಮೇಷ್ಟ್ರೇ. ಮಾರಿದ್ರಾ, ಇಟ್ಟೀರಾ?"

"ಅರ್ಧ ಮಾರಿದೆ. ಅರ್ಧ ಇಟ್ಟೀನಿ."

"ಹಂಗಾದ್ರೆ ಅರ್ಧ ಮಾರ್ಕಾದ್ರೂ ಹಾಕ್ರಿ."

ಮೇಷ್ಟ್ರು ಕೆಂಪು ಪೆನ್ನು ತೆಗೆದು ಅರ್ಧ ಮಾರ್ಕು ಹಾಕಿದರು. ಯಜಮಾನರು ಪತ್ರಿಕೆ ಮಡಚಿ ಜೇಬಿಗಿಟ್ಟುಕೊಂಡು, ಬಾಗಿಲ ಹತ್ತಿರ ತಿರುಗಿ ನಿಂತು ಹೇಳಿದರು: "ಮಾರಿದ ಅರ್ಧಕ್ಕೆ ನಿಮಗೂ ಸೊನ್ನೇನೇ ಮೇಷ್ಟ್ರೇ. ನಿನ್ನೆ ರೇಟು ಎಷ್ಟಕ್ಕೇರೈತೆ ನೋಡಿದ್ರಾ?"

ಚೀನಾದ ಹುಡುಗರು

ಹೊನ್ನಾಳಿಯ ಒಂದು ಶಾಲೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಸ್ಪೆಷಲ್ ಕ್ಲಾಸು. ಅರ್ಧ ಹುಡುಗರು ಕಣ್ಣು ತೆರೆದೇ ನಿದ್ದೆ ಮಾಡೋರು. ಅವತ್ತು ನಾನು ಕೊಟ್ಟ ಗೈಡಿನಲ್ಲಿದ್ದ ಪ್ಯಾಸೇಜು ಚೀನಾದ ಹೈಸ್ಕೂಲು ಮಕ್ಕಳ ಮೇಲಿತ್ತು. ಅಲ್ಲಿನ ಮಕ್ಕಳು ಬೆಳಕು ಹರಿಯೋ ಮುಂಚೆ ಎದ್ದು ಶಾಲೆ ಅಂಗಳದಲ್ಲಿ ಗಟ್ಟಿಯಾಗಿ ಇಂಗ್ಲಿಷ್ ಓದ್ತಾರಂತೆ, ಅವರಿಗೂ ಪರೀಕ್ಷೆಯಲ್ಲಿ ಪ್ಯಾಸೇಜೇ ದೊಡ್ಡ ಗುಡ್ಡವಂತೆ. ಮೇಡಂ ಅರ್ಥ ಹೇಳುತ್ತಾ ಹೋದ ಹಾಗೆ ಕ್ಲಾಸಿಗೆ ಎಚ್ಚರವಾಯಿತು. ಪರದೇಶದಲ್ಲಿ ಸೋದರಮಾವ ಸಿಕ್ಕಷ್ಟು ಸಮಾಧಾನ ಎಲ್ಲರ ಮುಖದಲ್ಲಿ.

"ಅವರಿಗೂ ಇಂಗ್ಲಿಷ್ ಬರಲ್ವೇನು ಮೇಡಂ?" ಒಬ್ಬಳು ಕೇಳಿದಳು.

"ಕಲೀತಿದ್ದಾರೆ, ನಿಮ್ಮ ಹಾಗೇ."

"ನಾವು ಅವರ ಬಗ್ಗೆ ಓದ್ತೀವಿ. ಅವರು ಯಾರ ಬಗ್ಗೆ ಓದ್ತಾರೆ ಮೇಡಂ?"

ಮೇಡಂ ತಮಾಷೆಗೆ, "ನಿಮ್ಮ ಬಗ್ಗೇನೇ ಇರಬೇಕು. ಹೊನ್ನಾಳಿ ಮಕ್ಕಳು ಬೆಳಿಗ್ಗೆ ಬೇಗ ಎದ್ದು ಶ್ರದ್ಧೆಯಿಂದ ಓದ್ತಾರೆ ಅಂತ" ಅಂದರು.

ಇಡೀ ಕ್ಲಾಸು ಗಾಬರಿಯಿಂದ ಕೊನೇ ಬೆಂಚಿನ ಕಡೆ ತಿರುಗಿತು. ಅಲ್ಲಿ ಒಬ್ಬ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದ. ಪ್ರಶ್ನೆ ಕೇಳಿದ್ದ ಹುಡುಗಿ ಎದ್ದು ಹೋಗಿ ಅವನ ತಲೆಗೊಂದು ಬಿಟ್ಟಳು.

"ಏಳೋ! ಚೀನಾದಾಗೆ ಉತ್ತರ ತಪ್ಪಾಗ್ತದೆ!"

ನಿದ್ದೆ ಮಾಡದ ಮಕ್ಕಳು

ನಾನು ತಂದ ಸರಕೆಲ್ಲ ಅಕ್ಕನ ಮುಂದೆ ಸುರುವಿದೆ. ಜಗಳೂರಿನ ಗೆರೆ ಅವಳಿಗೆ ಒಗ್ಗಲಿಲ್ಲ. "ಗೆರೆ ಹೊಡೆದ್ರೆ ಗೆರೆ ಬೀಳ್ತದೆ. ಕಥೆ ಎಲ್ಲಿ?" ಅಂದಳು. ನಲ್ಲೂರಿನದು ಕೇಳಿ, "ಅಂದ್ರೆ ನನಗೆ ಗೊತ್ತಿರೋದು ಬರೀಬಾರದು, ಅಷ್ಟೇ ತಾನೆ? ಆಗಲಿ" ಅಂದಳು. ಹಿಡಿದುಕೊಂಡದ್ದು ಚೀನಾದ ಉಪಾಯ. ಗಟ್ಟಿಯಾಗಿ ಓದೋದು.

ಆದರೆ ಯಾರಿಗೆ ಓದೋದು? ಮಧ್ಯಾಹ್ನ ಚಾಪೆ ಹಾಸಿ ಮಕ್ಕಳನ್ನು ಮಲಗಿಸಬೇಕಲ್ಲ, ಅವರಿಗೇ ಶುರು ಮಾಡಿದಳು. ಕಷ್ಟದ ಪದಗಳಿಗೆ ಅಂಗನವಾಡಿ ಟೀಚರಮ್ಮ ಅರ್ಥ ಹೇಳೋರು. ಅಕ್ಕ ಇಂಗ್ಲಿಷಿನಲ್ಲಿ ಒಂದು ಸಾಲು, ಕನ್ನಡದಲ್ಲಿ ಒಂದು ಸಾಲು, ಕೈ ಬಾಯಿ ಆಡಿಸಿ ಹೇಳೋಳು. ತಿಂಗಳೊಳಗೆ ಹೊಸ ಪ್ಯಾಸೇಜು ಕೊಟ್ಟರೂ ಯಾರ ಸಹಾಯವಿಲ್ಲದೆ ಮುಕ್ಕಾಲು ಹೇಳುತ್ತಿದ್ದಳು. ನನಗೇ ಆಶ್ಚರ್ಯ.

ತೊಂದರೆ ಬಂದದ್ದು ಬೇರೆ ಕಡೆ. ಗೈಡಿನವರು ಪ್ಯಾಸೇಜನ್ನ ಎಲ್ಲೋ ಶುರು ಮಾಡಿ ಎಲ್ಲೋ ಕತ್ತರಿಸಿರುತ್ತಾರೆ. ನಾನು ಹೋದ ದಿನ ಒಂದು ಕುರಿಮರಿ ಗುಡ್ಡದ ಮೇಲೆ ದಾರಿ ತಪ್ಪಿತ್ತು, ಅಲ್ಲಿಗೇ ಪ್ಯಾಸೇಜು ಮುಗಿದಿತ್ತು. ಚಾಪೆಯ ಮೇಲೆ ಒಬ್ಬರೂ ಕಣ್ಣು ಮುಚ್ಚಲಿಲ್ಲ. "ಆಮೇಲೆ? ಆಮೇಲೆ?"

ಅಕ್ಕ ಪುಸ್ತಕ ಪಕ್ಕಕ್ಕಿಟ್ಟಳು. "ಆಮೇಲೆ ಕುರಿಮರಿ ಮನೆಗೆ ಬಂತು. ಉಪ್ಪಿಟ್ಟು ತಿಂತು. ಮಲಕ್ಕೊಂತು." ಸಾಲಾಗಿ ಎಲ್ಲರೂ ಮಲಗಿದರು.

"ಅಕ್ಕಾ, ಇದೊಂದು ಕೆಟ್ಟ ಚಾಳಿ" ಅಂತ ನಾನು ದೊಡ್ಡ ಪಂಡಿತನ ಹಾಗೆ ಎಚ್ಚರಿಸಿದೆ. "ಪರೀಕ್ಷೆಯಾಗೆ ಕುರಿ ಗುಡ್ಡದ ಮೇಲೇ ಇರಬೇಕು. ಮನೆಗೆ ಕರ್ಕೊಂಡು ಬಂದ್ಯೋ, ಮಾರ್ಕು ಹೋತು ಅಂತ ತಿಳ್ಕೋ."

"ಯಾರನ್ನೋ ಹೊರಗೆ ಬಿಟ್ಟು ಕದ ಹಾಕ್ಕೊಳಾಕೆ ನನಗೆ ಬರಲ್ಲ ಕಣೋ."

"ಬರಲ್ಲ ಅಂದ್ರೆ ಫೇಲಾಗ್ತೀಯ."

ಮೂಲೆಯ ಚಾಪೆಯಿಂದ ಒಂದು ಪುಟ್ಟಿ, ಕಣ್ಣು ಮುಚ್ಚಿಕೊಂಡೇ, ಕೇಳಿತು:

"ಮಾಮಾ, ನೀನು ಪಾಸಾಗಿದ್ದೀಯಾ?"

ನ್ಯಾಮತಿಯ ವರಾಂಡ

ಅಕ್ಕನ ಸೆಂಟರ್ ಬಿದ್ದದ್ದು ನ್ಯಾಮತಿಗೆ. ಬೈಕಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟು, ನಾನು ಗೇಟಿನ ಎದುರು ಚಹಾ ಅಂಗಡಿಯಲ್ಲಿ ಕೂತೆ. ಒಳಗೆ ನಡೆದದ್ದನ್ನು ಆಮೇಲೆ ಅಕ್ಕ ಹೇಳಿದಳು. ಅವಳು ಹೇಳದೆ ನುಂಗಿದ್ದನ್ನು, ಫೇಲಾಗಿ ಅವಳ ಜೊತೆ ಮತ್ತೆ ಬರೆದ ರಿಪೀಟರ್ ಹುಡುಗರು ಹೇಳಿದರು.

ಮೊದಲ ಭಾಗವೆಲ್ಲ ಸಲೀಸು. ಪ್ಯಾಸೇಜಿಗೆ ಬಂದಳು. ಕಣ್ಣಲ್ಲಿ ಓದಿದಳು, ಒಂದು ಅಕ್ಷರವೂ ಒಳಗೆ ಇಳಿಯಲಿಲ್ಲ. ಎರಡನೇ ಸಲ ಓದಿದಳು, ಇಲ್ಲ. ಸೌಟು ಕಣ್ಣ ಮುಂದೆ ಬಂತು. ಕೊನೆಗೆ ತನಗೇ ಗೊತ್ತಿಲ್ಲದ ಹಾಗೆ ಬಾಯಿ ಬಿಟ್ಟಳು. ಇಂಗ್ಲಿಷಿನಲ್ಲಿ ಒಂದು ಸಾಲು, ಕನ್ನಡದಲ್ಲಿ ಒಂದು ಸಾಲು: "ಒಂದೂರಾಗೆ ಒಬ್ಬಳು ಮುದುಕಿ. ಕೋಳಿ ಹಾಕಿದ ಬುಟ್ಟಿ ತಲೆ ಮೇಲೆ ಹೊತ್ಕೊಂಡು ಮಗಳ ಊರಿಗೆ ಹೊರಟ್ಲು..."

ಇಡೀ ಪರೀಕ್ಷಾ ಹಾಲ್‌ನಲ್ಲಿ ಪೆನ್ನುಗಳು ನಿಂತವು. ಹಿಂದಿನ ಬೆಂಚಿನ ರಿಪೀಟರ್ ಹುಡುಗ ಚಿಕ್ಕಂದಿನಲ್ಲಿ ಅಕ್ಕನ ಉಪ್ಪಿಟ್ಟು ತಿಂದೇ ಬೆಳೆದವನು. ಆ ದನಿ ಕಿವಿಗೆ ಬಿದ್ದದ್ದೇ ತಡ, ಮೀಸೆ ಬಂದಿದ್ದರೂ ಕೈಕಟ್ಟಿ ಬಾಯಿ ಮೇಲೆ ಬೆರಳಿಟ್ಟು ಕೂತನಂತೆ.

ಕಾವಲಿದ್ದ ಮೇಷ್ಟ್ರು ಓಡಿ ಬಂದರು. "ಏನಮ್ಮಾ ಇದು? ಎಲ್ಲರಿಗೂ ಅರ್ಥ ಹೇಳಿಕೊಡ್ತಿದ್ದೀರಾ? ಡಿಬಾರ್ ಮಾಡಿಬಿಡ್ತಾರೆ!"

"ಹೇಳಿಕೊಡ್ಲಿಲ್ಲ ಸರ್, ಓದ್ತಿದ್ದೆ. ಬಾಯಿ ಬಿಡದೆ ಓದಿದ್ರೆ ನನಗೆ ಅರ್ಥ ಆಗಲ್ಲ" ಅಂತ ಅಕ್ಕ ಕಣ್ಣಲ್ಲಿ ನೀರು ತಂದುಕೊಂಡಳು.

ಹಿಂದಿನಿಂದ ಆ ಹುಡುಗ, "ಸರ್, ಮುದುಕಿ ಊರು ಮುಟ್ಟೋವರೆಗಾದ್ರೂ ಬಿಡ್ರಿ ಸರ್" ಅಂದ.

ಇಡೀ ಹಾಲ್ ನಕ್ಕಿತು. ನಗು ಕೇಳಿ ಮುಖ್ಯ ಮೇಲ್ವಿಚಾರಕರೇ ಬಂದರು. ಅವರು ಪುಣ್ಯಾತ್ಮರು. ಎಲ್ಲಾ ಕೇಳಿ, ಸ್ವಲ್ಪ ಯೋಚಿಸಿ, ಅಕ್ಕನ ಬೆಂಚನ್ನು ದೂರದ ವರಾಂಡಕ್ಕೆ ಹಾಕಿಸಿದರು. ಕಾವಲಿಗೆ ಗಂಟೆ ಹೊಡೆಯೋ ಅಟೆಂಡರ್ ಅಣ್ಣನನ್ನು ಕೂರಿಸಿದರು. "ಎಷ್ಟು ಬೇಕಾದರೂ ಗಟ್ಟಿಯಾಗಿ ಓದ್ಕೊಳ್ಳಿ ಅಮ್ಮಾ. ಇವನೇನೂ ಪರೀಕ್ಷೆ ಬರೀತಿಲ್ಲ."

ಅಕ್ಕನಿಗೆ ಕೇಳೋರು ಸಿಕ್ಕರು, ಇನ್ನೇನು ಬೇಕು! ಮೊದಲಿನಿಂದ ಶುರು ಮಾಡಿದಳು. ಮುದುಕಿ ಹೊರಟಳು, ಕಾಲುದಾರಿ ತಪ್ಪಿದಳು, ಕೋಳಿ ಕೂಗಿತು, ಹೊತ್ತು ಮುಳುಗಿತು. ಮುದುಕಿ ಒಂದು ಮೈಲಿಗಲ್ಲಿನ ಮೇಲೆ ಕೂತಳು. ಅಟೆಂಡರ್ ಅಣ್ಣ ಗಲ್ಲಕ್ಕೆ ಕೈಯಿಟ್ಟು ಕೂತಿದ್ದವನು, ಅಷ್ಟರಲ್ಲಿ ಯಾರೋ ಕೂಗಿದ್ದಕ್ಕೆ ಗಡಿಯಾರ ನೋಡಿ, ಹೌಹಾರಿ ಗಂಟೆ ಹೊಡೆಯಲು ಓಡಿದ. ಅದು ಎಚ್ಚರಿಕೆ ಗಂಟೆ. ಉಳಿದ ಹೊತ್ತಿನಲ್ಲಿ ಅಕ್ಕ ತಲೆ ಎತ್ತದೆ ಬರೆದಳು.

ಹೊರಗೆ ಬಂದಾಗ ನಾನು ಕೇಳಿದೆ, "ಪ್ಯಾಸೇಜ್ ಹೆಂಗಾತು?" ಅಕ್ಕ ಬೈಕಿನ ಹಿಂದೆ ಕೂತು, "ಎಲ್ಲಾ ಬರ್ದೀನಿ. ಸ್ವಲ್ಪ ಜಾಸ್ತೀನೇ ಬರ್ದೀನಿ" ಅಂದಳು. ಆ ಜಾಸ್ತಿ ಏನು ಅಂತ ಫಲಿತಾಂಶದ ದಿನದವರೆಗೂ ಕೇಳುತ್ತಲೇ ಇದ್ದೆ.

ಫಲಿತಾಂಶ ಬಂತು. ಅಕ್ಕ ಪಾಸು! ದಡಕ್ಕೆ ಕೈ ತಾಗುವಷ್ಟೇ, ಆದರೂ ಪಾಸು. ಅಂಗನವಾಡಿಯಲ್ಲಿ ಅವತ್ತು ಉಪ್ಪಿಟ್ಟಿನ ಬದಲು ಕೇಸರಿಬಾತು.

ಅಂಕಪಟ್ಟಿ ತರಲು ನ್ಯಾಮತಿಗೆ ಹೋದೆವು. ಅದನ್ನು ಇಸಿದುಕೊಂಡು ಹೊರಗೆ ಬರುವಾಗ ಅಟೆಂಡರ್ ಅಣ್ಣ ದೂರದಿಂದಲೇ ಅಕ್ಕನನ್ನು ಕಂಡು, ಕೈಯಲ್ಲಿದ್ದ ಪೊರಕೆ ಬಿಸಾಕಿ ಓಡಿ ಬಂದ. ಪಾಸೋ ಫೇಲೋ ಅಂತ ಒಂದು ಮಾತೂ ಕೇಳಲಿಲ್ಲ.

"ತಂಗೀ, ಅವತ್ತಿಂದ ಒಂದೇ ಸಮ ತಲೆ ಕೊರೀತೈತೆ. ಆ ಮುದುಕಿ ಮನೆ ಸೇರಿದ್ಲಾ?"

ಅಕ್ಕ ಒಂದು ಸಲ ನನ್ನ ಕಡೆ ಕಳ್ಳನೋಟ ನೋಡಿದಳು. "ಸೇರಿದ್ಲಣ್ಣ. ಪ್ಯಾಸೇಜಿನವರು ಆ ಕಲ್ಲಿನ ಮೇಲೇ ಕೂರಿಸಿ ಮುಗಿಸಿಬಿಟ್ಟಿದ್ರು. ಕತ್ತಲು ಬೇರೆ. ಮನಸ್ಸು ತಡೀಲಿಲ್ಲ. ಕೊನೇ ಉತ್ತರದ ಕೆಳಗೆ ನಾನೇ ಎರಡು ಸಾಲು ಬರೆದು ಮಗಳ ಮನೆ ಮುಟ್ಟಿಸಿ ಬಂದೆ."

"ದೇವರು ದೊಡ್ಡೋನು! ಅಷ್ಟೊತ್ತಿನಾಗೆ ಹೆಂಗೆ ಹೋದ್ಲು?"

"ಗೌರ್ಮೆಂಟ್ ಬಸ್ಸು ಹತ್ತಿಸಿದೆ. ಹೆಂಗಸ್ರಿಗೆ ಫ್ರೀ ಅಲ್ವೇನಣ್ಣ?"

ಅಟೆಂಡರ್ ಅಣ್ಣ ಎದೆ ಮೇಲೆ ಕೈಯಿಟ್ಟು ಉಸಿರು ಬಿಟ್ಟ. ಪೊರಕೆ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದ. ಮತ್ತೆ ಏನೋ ನೆನಪಾಗಿ ತಿರುಗಿ ಬಂದ.

"ಅಲ್ಲ ತಂಗೀ, ಫ್ರೀ ಬಸ್ಸು ಅಂದ್ರೆ ಕಾಲಿಡಾಕೆ ಜಾಗ ಇರಲ್ಲ. ಕೋಳಿಬುಟ್ಟಿ ಬೇರೆ. ಮುದುಕಿಗೆ ಸೀಟು ಸಿಕ್ತಾ?"

ಅಕ್ಕ ಅಂಕಪಟ್ಟಿಯನ್ನು ಸೆರಗಿನೊಳಗೆ ಭದ್ರ ಮಾಡಿಕೊಂಡು, ಬೈಕು ಹತ್ತುತ್ತಾ ಹೇಳಿದಳು:

"ಅದನ್ನ ಕೇಳಿರ್ಲಿಲ್ಲಣ್ಣ."