ರುಚಿಗಾರನ ಬಾಯಿಕಹಿ

ಚಹಾ ಮಂಡಿಯ ರುಚಿಗಾರನಿಗೆ ಆ ಬೆಳಿಗ್ಗೆಯೂ ಬಾಯೆಲ್ಲ ಕಹಿ. ರಾತ್ರಿಯಿಡೀ ತುಕ್ಕು ಹಿಡಿದ ಬೀಗವನ್ನು ಚೀಪುತ್ತ ಮಲಗಿದವನಂತೆ. ಬೇರೆಯವರಿಗಾದರೆ ಇದು ಬರೀ ಬೇಸರದ ಸಂಗತಿ. ನಾಲಿಗೆಯನ್ನೇ ನಂಬಿ ಬದುಕುವವನಿಗೆ ಗಂಡಾಂತರ. ಒಳ್ಳೆಯ ಚಹಾವನ್ನೇ ಕಹಿಯೆಂದು ತಳ್ಳಿಹಾಕಿದ್ದಕ್ಕೆ ಸಾಹುಕಾರರು ಹಿಂದಿನ ದಿನವಷ್ಟೇ, "ನಾಳೆ ನನ್ನೆದುರಿಗೇ ರುಚಿ ನೋಡಿ. ತಪ್ಪಿದ್ರೆ ಮೂಟೆ ಹೊಲಿಯೋ ಕಡೆ ಕೂತ್ಕೊಳ್ಳಿ" ಎಂದಿದ್ದರು.

ಕೆಳಮನೆಯ ಔಷಧಿ ಅಂಗಡಿಯವನು ಮೆಟ್ಟಿಲಲ್ಲೇ ತಡೆದು ಬಾಯಿಕಹಿಯ ಗೋಳು ಕೇಳಿದ.

"ಪಿತ್ತ ಸ್ವಾಮಿ, ಬರೀ ಪಿತ್ತ. ತಡವಾಗಿ ಉಣ್ತೀರಿ, ಉಂಡ ಕೂಡಲೇ ಉರುಳ್ತೀರಿ. ಈ ಸಿರಪ್ ಕುಡೀರಿ."

ಕುಡಿದ. ಬಾಯಿ ಹಗುರಾಯಿತು. ಆದರೆ ಬಸ್ಸಿನಲ್ಲಿ ಸಾಹುಕಾರರ ಮುಖ ನೆನೆದು ಹೆಬ್ಬೆರಳ ಉಗುರು ಕಚ್ಚುವಷ್ಟರಲ್ಲಿ ಕಹಿ ಮತ್ತೆ ಹಾಜರು.

"ಪಿತ್ತ ಅಂತೆ, ಪಿತ್ತ! ಅದು ನಾಲಿಗೆ ಮೇಲಿನ ಕೊಳೆ ಅಣ್ಣಾ," ಎಂದ ಮಂಡಿಯ ಗುಮಾಸ್ತ. "ಚೆನ್ನಾಗಿ ಕೆರೆದು ಉಪ್ಪುನೀರು ಮುಕ್ಕಳಿಸು."

ನಾಲಿಗೆ ಕೆಂಪಾಗುವವರೆಗೆ ಕೆರೆದ, ಮುಕ್ಕಳಿಸಿದ. ಕಹಿ ತೊಲಗಿತು. ಅಷ್ಟರಲ್ಲಿ ಸಾಹುಕಾರರಿಂದ ಕರೆ ಬಂತು. ಗಾಬರಿಗೆ ತೋರುಬೆರಳು ತಾನಾಗಿ ಹಲ್ಲಿನ ನಡುವೆ ಸೇರಿತು. ಹೊರಟುಹೋದ ನೆಂಟ ಮರೆತ ಕೊಡೆಗೆಂದು ವಾಪಸಾದಂತೆ ಕಹಿ ಒಳಬಂದಿತು.

ಮೇಜಿನ ಮೇಲೆ ಬಟ್ಟಲುಗಳ ಸಾಲು. ಒಂದನ್ನು ಹೀರಿ, ಉಗಿದು, "ಕಹಿ" ಎಂದ. ಮುಂದಿನದಕ್ಕೆ, "ಇದೂ ಕಹಿ." ಕೊನೆಯದಕ್ಕೆ ಮುಖವನ್ನೇ ಕಿವುಚಿ, "ಇದಂತೂ ಕಡುಕಹಿ" ಎಂದ.

"ಅದು ಬರೀ ಸಕ್ಕರೆ ನೀರು ಕಣ್ರೀ," ಎಂದರು ಸಾಹುಕಾರರು ಶಾಂತವಾಗಿ. "ನಾಳೆ ಬೆಳಿಗ್ಗೆ ಇನ್ನೊಂದೇ ಅವಕಾಶ. ಮೂಟೆ ಹೊಲಿಯೋ ದಬ್ಬಳ ಹಿಡಿಯೋದನ್ನೂ ಈಗಿಂದ್ಲೇ ಕಲ್ತಿರಿ."

ಸಂಜೆ ಅವನು ಚಪ್ಪಲಿ ಕಳಚಲೂ ತ್ರಾಣವಿಲ್ಲದೆ ಕುರ್ಚಿಗೆ ಕುಸಿದ. ಹೆಂಡತಿ ಅವನ ಕೈ ಹಿಡಿದು ಬೆರಳುಗಳನ್ನು ದೀಪಕ್ಕೆ ತಿರುಗಿಸಿ ನೋಡಿದಳು.

"ಇಷ್ಟು ಕಹಿ ಹಚ್ಚಿದ್ರೂ ಕಚ್ಚಿದೀರಲ್ರೀ, ನಿಮ್ಮದೇನು ನಾಲಿಗೆನೋ ಚಪ್ಪಲೀನೋ."

"ಏನು ಹಚ್ಚಿದ್ರೂ?"

"ಹೇಳಿ ಹೇಳಿ ಸಾಕಾಯ್ತು. ಉಗುರು ಕಚ್ಚೋದು ಬಿಡಲ್ಲ, ನಿದ್ದೇಲೂ ಬಿಡಲ್ಲ. ಅದಕ್ಕೇ ಕೆಳಮನೆಯವರ ಅಂಗಡೀಲಿ ಮಕ್ಕಳಿಗೆ ಹಚ್ಚೋ ಮದ್ದು ತಂದು, ನೀವು ಮಲಗಿದ್ಮೇಲೆ ದಿನಾ ಹಚ್ತಿದೀನಿ."

ಸಿಟ್ಟಾಗಲೂ ಶಕ್ತಿಯಿರಲಿಲ್ಲ. ನಲ್ಲಿಯ ಕೆಳಗೆ ಕೈಯಿಟ್ಟು ತಿಕ್ಕತೊಡಗಿದ.

"ನೀರಿಗೆ ಹೋಗಲ್ವಂತೆ," ಎಂದಳು ಒಳಗಿನಿಂದಲೇ. "ಹೊಸ ಉಗುರು ಬಂದ್ಮೇಲೇ ಹೋಗೋದಂತೆ. ಅಲ್ಲೀವರೆಗೆ ಕಚ್ಚದೇ ಇದ್ರಾಯ್ತು, ಅಷ್ಟೇ."

ಅಷ್ಟೇ. ನಾಳೆ ಬೆಳಗಿನವರೆಗೆ ಕಚ್ಚದಿದ್ದರಾಯಿತು. ಆದರೆ ನಿದ್ದೆಯಲ್ಲಿ ಕಚ್ಚಿಬಿಟ್ಟರೆ? ಸಾಹುಕಾರರ ಮುಂದೆ ಮತ್ತೆ ಅದೇ ಗತಿಯಾದರೆ? ದಾರಿ ಕಾಣದೆ, ಆಳವಾಗಿ ಯೋಚಿಸುತ್ತ, ರುಚಿಗಾರ ಕಿರುಬೆರಳನ್ನು ಮೆಲ್ಲನೆ ಬಾಯಿಗಿಟ್ಟುಕೊಂಡ.